ಬ್ಯಾರಲ್ ಶೆಡ್ಡಿನ ಹೆಂಗಸರು

ಬ್ಯಾರಲ್ಲಿನ ಒಳಗೆ ತಲೆ ಹಾಕಬೇಕು. ಸೊಂಟದವರೆಗೆ ಬಗ್ಗಬೇಕು. ಒಂದು ಕೈಯಲ್ಲಿ ಅಂಚು, ಇನ್ನೊಂದು ಕೈಯಲ್ಲಿ ತಂತಿ ಬ್ರಷ್ಷು. ತಳಕ್ಕೆ ಅಂಟಿದ ಬಣ್ಣದ ಗಸಿಯನ್ನು ಕೆರೆಯಬೇಕು. ಉಸಿರು ಹಿಡಿದು ಇಪ್ಪತ್ತು ಎಣಿಸುವವರೆಗೆ ಕೆರೆಯಬಹುದು. ಆಮೇಲೆ ಹೊರಗೆ ಬರಲೇಬೇಕು. ಬಂದು, ಉಸಿರು ಎಳೆದುಕೊಂಡು, ಮತ್ತೆ ಒಳಗೆ. ದಿನಕ್ಕೆ ಒಬ್ಬೊಬ್ಬರಿಗೆ ಹದಿನೈದು ಬ್ಯಾರಲ್.

ನಾನು ರೇಣುಕಮ್ಮ. ಗಾದಿಗನೂರಿನ ಕೇರಿಯವಳು. ಎರಡು ವರ್ಷ ಈ ಕೆಲಸ ಮಾಡಿದೆ. ಹೇಳಹೊರಟಿರುವುದು ಜಂಬವ್ವನ ವಿಷಯ. ನಾನು ಅವಳ ಪಕ್ಕದ ಬ್ಯಾರಲ್ಲಿನಲ್ಲಿ ತಲೆ ಹಾಕಿದ್ದವಳು.

ಶೆಡ್ಡು ಊರ ಹೊರಗೆ, ಹೊಸಪೇಟೆ ರಸ್ತೆಯ ಬದಿಗಿತ್ತು. ಮೇಲೆ ತಗಡು, ಸುತ್ತ ತಗಡು. ಮಾಲೀಕ ಶಂಭುಲಿಂಗ. ಕಂಪ್ಲಿಯಲ್ಲಿ ಅವನ ಅಪ್ಪನ ಅಕ್ಕಿ ಗಿರಣಿ ಇತ್ತು. ಮೂವತ್ತೆರಡು ವರ್ಷದ ಗಂಡಸು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳಾದ ಹುಲುಗಮ್ಮನಿಗೆ ಅರವತ್ತು ದಾಟಿತ್ತು. ಅವಳನ್ನು ಅವನು 'ಲೇ ಹುಲಿಗಿ' ಅಂತಲೇ ಕರೆಯುತ್ತಿದ್ದ. ಒಂಬತ್ತು ಜನ ಹೆಂಗಸರು, ಒಂಬತ್ತೂ ಜನ ಕೇರಿಯವರು. ಊರಿನ ಬೇರೆ ಯಾರನ್ನೂ ಅವನು ಈ ಕೆಲಸಕ್ಕೆ ಕೇಳಲಿಲ್ಲ. ಕೇಳಿದ್ದರೂ ಬರುತ್ತಿರಲಿಲ್ಲ.

ಬ್ಯಾರಲ್ಲುಗಳು ಬರುತ್ತಿದ್ದದ್ದು ಸಂಡೂರು ದಾರಿಯ ಒಂದು ಪೈಪ್ ಕಾರ್ಖಾನೆಯಿಂದ. ಅಲ್ಲಿ ಕಬ್ಬಿಣದ ಪೈಪುಗಳಿಗೆ ತುಕ್ಕು ಹಿಡಿಯದ ಬಣ್ಣ ಹಚ್ಚುತ್ತಾರೆ. ಬಣ್ಣ, ಥಿನ್ನರ್, ಗಟ್ಟಿಯಾಗಿಸುವ ಔಷಧಿ ಎಲ್ಲ ಬ್ಯಾರಲ್ಲಿನಲ್ಲೇ ಬರುತ್ತದೆ. ಖಾಲಿಯಾದ ಬ್ಯಾರಲ್ಲು ಕಾನೂನಿನ ಪ್ರಕಾರ ಅಪಾಯದ ಕಸ. ಕಂಡಲ್ಲಿ ಎಸೆಯುವಂತಿಲ್ಲ. ಇಂಥ ಕಸವನ್ನು ವರ್ಷ ವರ್ಷ ಕಡಿಮೆ ಮಾಡಿ ಲೆಕ್ಕ ತೋರಿಸಬೇಕು. ಆದರೆ ಬ್ಯಾರಲ್ಲನ್ನು ಸರಿಯಾಗಿ ತೊಳೆದು ಮತ್ತೆ ಬಳಸಿದರೆ ಅದು ಕಸವಲ್ಲ, ಮರುಬಳಕೆ. ಹತ್ತು ಬ್ಯಾರಲ್ ತೊಳೆದರೆ ಹತ್ತೂ ಮತ್ತೆ ಕೆಲಸಕ್ಕೆ ಬರುತ್ತವೆ. ದೂರ ಒಯ್ದು ಜೋಪಾನವಾಗಿ ಹೂಳಲು ಉಳಿಯುವುದು ಒಂದು ಬುಟ್ಟಿ ಗಸಿ.

ಆ ಕಾನೂನಿನಲ್ಲಿ ಏನೂ ತಪ್ಪಿಲ್ಲ. ನಾನು ಪಾಪಿನಾಯಕನಹಳ್ಳಿಯಲ್ಲಿ ಹತ್ತನೇ ಕ್ಲಾಸಿನವರೆಗೆ ಓದಿದವಳು. ಶೆಡ್ಡಿನ ಕೋಣೆಯಲ್ಲಿದ್ದ ನಿಯಮದ ಪುಸ್ತಕವನ್ನು ಓದಿಯೇ ಈ ಮಾತು ಹೇಳುತ್ತಿದ್ದೇನೆ. ಯಂತ್ರದಲ್ಲಿ ತೊಳೆಯಬೇಕು, ತೊಳೆದ ನೀರನ್ನು ತೊಟ್ಟಿಯಲ್ಲಿ ಹಿಡಿದು ಶುದ್ಧ ಮಾಡಬೇಕು ಅಂತ ಅದರಲ್ಲಿ ಚಿತ್ರ ಸಮೇತ ಬರೆದಿತ್ತು.

ಯಂತ್ರ ಇತ್ತು. ಶೆಡ್ಡಿನ ಮೂಲೆಯಲ್ಲಿ ನೀಲಿ ತಾಡಪಾಲು ಹೊದ್ದುಕೊಂಡು ನಿಂತಿತ್ತು. ಬ್ಯಾರಲ್ಲನ್ನು ಒಳಗಿಟ್ಟು ಬಾಗಿಲು ಹಾಕಿದರೆ ಬಿಸಿನೀರು, ಸೋಡಾ, ಬ್ರಷ್ಷು ಎಲ್ಲ ತಾನೇ ತಿರುಗಿಸುವಂಥದ್ದು. ಅದನ್ನು ತೋರಿಸಿಯೇ ಶಂಭುಲಿಂಗ ಪರವಾನಗಿ ಪಡೆದಿದ್ದ. ಪರವಾನಗಿ ಬಂದ ಮೇಲೆ ತಾಡಪಾಲು ಹೊದಿಸಿದ. ಕರೆಂಟು ಭಾಳ ತಿನ್ನುತ್ತದೆ ಅಂದ. ನಮಗೆ ಕರೆಂಟು ಬೇಕಿರಲಿಲ್ಲ.

ತೊಳೆದ ನೀರು ಶೆಡ್ಡಿನ ಹಿಂದಿನ ಗುಂಡಿಗೆ ಹೋಗುತ್ತಿತ್ತು. ಗುಂಡಿ ತುಂಬಿದರೆ ಹಳ್ಳಕ್ಕೆ. ಬ್ಯಾರಲ್ಲುಗಳು ಮಾತ್ರ ಕಾರ್ಖಾನೆಗೆ ವಾಪಸ್ ಹೋಗುತ್ತಿರಲಿಲ್ಲ. ಹೊಸಪೇಟೆಯ ಅಂಗಡಿಗಳಿಗೆ ಹೋಗುತ್ತಿದ್ದವು. ಚಿತ್ತವಾಡ್ಗಿಯ ಮನೆಗಳಲ್ಲಿ, ಹಂಪಿ ಕಡೆಯ ಲಾಡ್ಜುಗಳಲ್ಲಿ ನೀರು ತುಂಬಿಡುವ ಡ್ರಮ್ಮುಗಳಾಗುತ್ತಿದ್ದವು. ನನ್ನ ಮನೆಯಲ್ಲೂ ಒಂದಿತ್ತು.

ನಮ್ಮ ಕೈಗಳ ಬಗ್ಗೆ ಹೇಳಬೇಕು. ಗಸಿ ಬಿಡಿಸಲು ಹಾಕುವ ಕಾಸ್ಟಿಕ್ ಸೋಡಾ ನೀರಿಗೆ ಬೆರಳಿನ ತುದಿಯ ಚರ್ಮ ಮೊದಲು ಬಿಳಿಚುತ್ತದೆ. ಆಮೇಲೆ ಸುಲಿಯುತ್ತದೆ. ರೊಟ್ಟಿ ತಟ್ಟಿದರೆ ಹಿಟ್ಟಿನಲ್ಲಿ ಥಿನ್ನರ್ ವಾಸನೆ. ನನ್ನ ಮಗಳು ನನ್ನ ಕೈತುತ್ತು ಬೇಡ ಅಂತ ಮುಖ ತಿರುಗಿಸಿದ್ದಳು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಮಿಷನ್ ನಮ್ಮನ್ನು ಗುರುತಿಸುತ್ತಿರಲಿಲ್ಲ. ಬೆರಳಿನಲ್ಲಿ ಗೆರೆಯೇ ಇರಲಿಲ್ಲ.

ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಹುಲುಗಮ್ಮ ಬ್ಯಾರಲ್ಲಿನ ಒಳಗೆ ತಲೆ ಹಾಕಿದವಳು ಹೊರಗೆ ಬರಲಿಲ್ಲ. ಮೊದಲು ಯಾರಿಗೂ ಗೊತ್ತಾಗಲಿಲ್ಲ. ಬ್ರಷ್ಷಿನ ಸದ್ದು ನಿಂತಿದ್ದನ್ನು ಜಂಬವ್ವ ಗಮನಿಸಿದಳು. ಓಡಿಹೋಗಿ ಎರಡೂ ಕಾಲು ಹಿಡಿದು ಎಳೆದಳು. ಹುಲುಗಮ್ಮನ ಮುಖಕ್ಕೆಲ್ಲ ಹಸಿರು ಬಣ್ಣ ಮೆತ್ತಿತ್ತು. ಬಾಯಿಂದ ನೊರೆ. ಬಲಗೈ ಸೋಡಾ ನೀರಿನಲ್ಲಿ ಮೊಣಕೈವರೆಗೆ ನೆನೆದು ಬೆಂದಿತ್ತು.

ಹೊಸಪೇಟೆಯ ಆಸ್ಪತ್ರೆಗೆ ಒಯ್ಯಲು ಶಂಭುಲಿಂಗ ತನ್ನ ಕಾರು ಕೊಡಲಿಲ್ಲ. ಸೀಟು ಹೊಲಸಾಗುತ್ತದೆ ಅಂದ. ಆಟೋದಲ್ಲಿ ಹೋದೆವು. ಹೊಲದ ಕೆಲಸಕ್ಕೆ ಹೋಗಿದ್ದಳು, ಬಿಸಿಲು ಬಡಿಯಿತು, ಒಲೆಯ ಮೇಲಿನ ನೀರು ಚೆಲ್ಲಿತು ಅಂತ ಡಾಕ್ಟರಿಗೆ ಹೇಳಬೇಕೆಂದು ಮೊದಲೇ ತಾಕೀತು ಮಾಡಿದ್ದ. ಕೆಲಸ ಹೋದೀತೆಂದು ನಾನೇ ಹಾಗೆ ಹೇಳಿದೆ. ಡಾಕ್ಟರು ಹಸಿರು ಬಣ್ಣ ನೋಡಿ ಎರಡು ಸಲ ಕೇಳಿದರು. ಎರಡು ಸಲವೂ ಅದನ್ನೇ ಹೇಳಿದೆ. ಜಂಬವ್ವ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು.

ಹುಲುಗಮ್ಮ ಬದುಕಿದಳು. ಬಲಗೈ ಬೆರಳುಗಳು ಮಡಚಿಕೊಂಡು ಹಾಗೇ ಉಳಿದವು. ಬಿಚ್ಚಲಿಲ್ಲ.

ಇದಾಗಿ ಎರಡು ತಿಂಗಳಿಗೆ ಕಾರ್ಖಾನೆಯವರು ಶೆಡ್ಡು ನೋಡಲು ಬರುತ್ತಾರೆಂದು ಸುದ್ದಿ ಬಂತು. ಅವರ ಪೈಪು ಕೊಳ್ಳುವ ದೊಡ್ಡ ಕಂಪನಿಯೊಂದು ಲೆಕ್ಕ ಕೇಳಿತ್ತಂತೆ. ನಿಮ್ಮ ಅಪಾಯದ ಕಸ ನೂರಕ್ಕೆ ನಲವತ್ತು ಕಡಿಮೆಯಾಗಿದೆ ಅನ್ನುತ್ತೀರಿ, ಮರುಬಳಕೆ ಎಲ್ಲಿ ಆಗುತ್ತದೆ ತೋರಿಸಿ ಅಂತ. ತೋರಿಸಲು ನಮ್ಮ ಶೆಡ್ಡೇ ಇದ್ದದ್ದು.

ಶಂಭುಲಿಂಗ ನೆಲ ತೊಳೆಸಿದ. ಗೋಡೆಗೆ ಸುಣ್ಣ ಹೊಡೆಸಿದ. ತಾಡಪಾಲು ತೆಗೆಸಿ ಯಂತ್ರ ಒರೆಸಿದ. ಪ್ಯಾಕೆಟ್ಟು ಒಡೆಯದ ಕೈಗವಸು, ಮಾಸ್ಕು, ಬೂಟು ತಂದ. ಹಿಂದಿನ ಗುಂಡಿಗೆ ಜಾಲಿ ಮುಳ್ಳು ಮುಚ್ಚಿಸಿದ. ಆಮೇಲೆ ನನ್ನನ್ನು ಕೋಣೆಗೆ ಕರೆದು ಖಾಲಿ ರಿಜಿಸ್ಟರು ಕೊಟ್ಟ. ಪ್ರತಿ ತಿಂಗಳೂ ನಮಗೆ ತರಬೇತಿ ಆಗಿದೆಯೆಂದು ಒಂದು ವರ್ಷದ್ದನ್ನು ಬರೆಯಬೇಕಿತ್ತು. ಒಂದೇ ದಿನ ಬರೆದಂತೆ ಕಾಣಬಾರದೆಂದು ಮೂರು ಬೇರೆ ಬೇರೆ ಪೆನ್ನು ಕೊಟ್ಟ. ನಾನು ಬರೆದೆ. ಇದನ್ನು ಮುಚ್ಚಿಡುವುದಿಲ್ಲ. ನಾನೇ ಬರೆದೆ.

ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಹೆಬ್ಬೆಟ್ಟು ಒತ್ತಿಸಿದೆವು. ಮಸಿ ಮಾತ್ರ ಮೂಡುತ್ತಿತ್ತು. ಗೆರೆ ಮೂಡುತ್ತಿರಲಿಲ್ಲ. ಹನ್ನೆರಡು ಹಾಳೆಗಳ ತುಂಬ ಕರೀ ಚುಕ್ಕೆ.

ಜಂಬವ್ವನ ಸರದಿ ಬಂತು. ಅವಳು ಕೈ ಮುಂದೆ ಮಾಡಲಿಲ್ಲ.

"ಇದರಾಗ ಏನ್ ಬರದೈತಿ ಓದು," ಅಂದಳು ನನಗೆ.

ಓದಿದೆ. ಬ್ಯಾರಲ್ಲುಗಳನ್ನು ಯಂತ್ರದಿಂದಲೇ ತೊಳೆಯಲಾಗುತ್ತದೆ. ಕೈಯಿಂದ ತೊಳೆಯುವುದಿಲ್ಲ. ಕೈಗವಸು, ಮಾಸ್ಕು ಕೊಟ್ಟಿದ್ದಾರೆ. ಯಾರಿಗೂ ಯಾವ ಕಾಯಿಲೆಯೂ ಆಗಿಲ್ಲ.

"ಹಂಗಾದ್ರ ಹುಲುಗಮ್ಮ ಎಲ್ಲಿ ಬಿದ್ಲು?"

ಶಂಭುಲಿಂಗ ನಗುತ್ತ ಬಂದ. ಅದೆಲ್ಲ ಬರೀ ಕಾಗದದ ಮಾತು, ಒತ್ತು ಅಂದ. ಅವಳು ಒತ್ತುವುದಿಲ್ಲ ಅಂದಳು. ಅವನ ನಗು ಹೋಯಿತು. ಅವಳ ಕೈ ಹಿಡಿದು ಮಸಿಗೆ ಅದ್ದುವಂತೆ ನನಗೆ ಹೇಳಿದ. ತಾನು ಮುಟ್ಟುವುದು ಅವನಿಗೆ ಬೇಕಿರಲಿಲ್ಲ. ನಾನು ಅವಳ ಕೈ ಹಿಡಿದೆ. ಆ ಕೈ ನನ್ನ ಕೈಯಂತೆಯೇ ಇತ್ತು, ಒರಟಾಗಿ, ಸೀಳಿ, ಬಿಸಿಯಾಗಿ. ಬಿಟ್ಟುಬಿಟ್ಟೆ. ಅವಳ ಜಾಗ ಖಾಲಿ ಉಳಿಯಿತು. ಕೊನೆಗೆ ಶಂಭುಲಿಂಗನೇ ತನ್ನ ಹೆಬ್ಬೆಟ್ಟನ್ನು ಹನ್ನೆರಡು ಕಡೆ ಒತ್ತಿದ. ಆ ಪುಸ್ತಕದಲ್ಲಿ ಗೆರೆ ಚೆನ್ನಾಗಿ ಮೂಡಿದ್ದು ಆ ಹನ್ನೆರಡು ಮಾತ್ರ.

ಬಂದವರು ಇಬ್ಬರು. ಕಾರ್ಖಾನೆಯ ಪರಿಸರದ ಕೆಲಸ ನೋಡುವ ಕಾವ್ಯ ಎಂಬ ಹುಡುಗಿ, ಹೊಸಪೇಟೆಯವಳೇ, ಇಪ್ಪತ್ತೈದು ವರ್ಷ. ಅವಳ ಜೊತೆ, ಪೈಪು ಕೊಳ್ಳುವ ಕಂಪನಿ ಕಳಿಸಿದ, ಕನ್ನಡ ಬಾರದ ಒಬ್ಬ ತಪಾಸಣೆಯವನು. ಶಂಭುಲಿಂಗ ಇಬ್ಬರಿಗೂ ಎಳನೀರು ಕೊಟ್ಟ. ಬರ್ರಿ, ಕುಂದ್ರಿ, ನೋಡ್ರಿ ಅಂತ ಬಾಗಿ ಬಾಗಿ ಓಡಾಡಿದ. ನಾವು ಬೂಟು ಹಾಕಿಕೊಂಡು ಗೋಡೆಗೆ ನಿಂತಿದ್ದೆವು. ಜಂಬವ್ವ ಬರಿಗಾಲಲ್ಲಿ, ಬರಿಗೈಯಲ್ಲಿ ನಿಂತಿದ್ದಳು.

ಯಂತ್ರ ಶುರುವಾಯಿತು. ಮೊದಲೇ ತೊಳೆದು ಇಟ್ಟಿದ್ದ ಬ್ಯಾರಲ್ಲನ್ನು ಒಳಗಿಟ್ಟು ತಿರುಗಿಸಿದರು. ಅದು ಹೊಳೆಯುತ್ತ ಹೊರಬಂತು. ತಪಾಸಣೆಯವನು ಫೋಟೋ ತೆಗೆದ, ತಲೆಯಾಡಿಸಿದ. ಕಾವ್ಯ ಕಾಗದದಲ್ಲಿ ಒಂದೊಂದಕ್ಕೇ ಗುರುತು ಹಾಕುತ್ತ ಹೋದಳು.

ಆಗ ಜಂಬವ್ವ ಶೆಡ್ಡಿನ ಹಿಂದಕ್ಕೆ ಹೋದಳು. ಅವತ್ತು ಬೆಳಿಗ್ಗೆಯಷ್ಟೇ ಲಾರಿಯಲ್ಲಿ ಬಂದಿದ್ದ, ಶಂಭುಲಿಂಗ ಬಚ್ಚಿಡಿಸಿದ್ದ ಬ್ಯಾರಲ್ಲೊಂದನ್ನು ಕಾಲಿನಿಂದ ಉರುಳಿಸಿಕೊಂಡು ಬಂದಳು. ಕಾರ್ಖಾನೆಯ ಚೀಟಿ ಇನ್ನೂ ಅಂಟಿತ್ತು. ಕಾವ್ಯಳ ಮುಂದೆ ಅದನ್ನು ಎತ್ತಿ ನಿಲ್ಲಿಸಿದಳು.

ಶಂಭುಲಿಂಗ ಹಲ್ಲು ಕಚ್ಚಿ, "ಲೇ ಜಂಬಿ, ಹಿಂದಕ್ಕ ಹೋಗು," ಅಂದ.

ಅವಳು ಅವನ ಕಡೆ ತಿರುಗಲಿಲ್ಲ. "ಮೇಡಂ, ನಾವು ದಿನಾ ಇದರೊಳಗ ತಲಿ ಹಾಕ್ತೀವಿ. ನೀವು ಒಂದ್ ಸಲ ಹಾಕ್ರಿ. ಇಪ್ಪತ್ತು ಎಣಸ್ರಿ, ಸಾಕು."

ಹುಡುಗಿ ಗಲಿಬಿಲಿಯಾದಳು. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಕಾಗದವನ್ನು ಕಂಕುಳಲ್ಲಿಟ್ಟುಕೊಂಡು ಬಗ್ಗಿದಳು. ಜಂಬವ್ವ ಎಣಿಸಿದಳು. ಆರಕ್ಕೆ ಹುಡುಗಿ ಹೊರಗೆ ಬಂದಳು. ಗೋಡೆ ಹಿಡಿದುಕೊಂಡು ಕೆಮ್ಮಿದಳು. ಎಳನೀರೆಲ್ಲ ವಾಂತಿಯಾಯಿತು. ಕಣ್ಣು ಕೆಂಪಗಾಗಿ ನೀರು ಸುರಿಯಿತು. ತಪಾಸಣೆಯವನು ಏನಾಯಿತು ಅಂತ ಇಂಗ್ಲಿಷಿನಲ್ಲಿ ಕೇಳಿದ. ಅವಳು ಬಾಯಿ ಒರೆಸಿಕೊಂಡು ಅದೇ ಭಾಷೆಯಲ್ಲಿ ಎರಡು ಮಾತು ಹೇಳಿದಳು. ಅವನು ಯಂತ್ರದ ಕರೆಂಟು ಮೀಟರಿನ ಹತ್ತಿರ ಹೋಗಿ ಬಗ್ಗಿ ನೋಡಿದ. ಎರಡು ವರ್ಷದಲ್ಲಿ ಆ ಮೀಟರು ಹೆಚ್ಚು ಕಡಿಮೆ ನಿಂತಲ್ಲೇ ನಿಂತಿತ್ತು. ಅದರ ಫೋಟೋ ತೆಗೆದ.

ಇಬ್ಬರೂ ಹೋದರು. ನಾವು ಏನೋ ಆಗುತ್ತದೆ ಅಂದುಕೊಂಡೆವು.

ಆದದ್ದು ಇಷ್ಟು. ವಾರದೊಳಗೆ ಲಾರಿ ಬರುವುದು ನಿಂತಿತು. ಶಂಭುಲಿಂಗ ಶೆಡ್ಡಿಗೆ ಬೀಗ ಹಾಕಿದ. ನಿಮ್ಮ ಅನ್ನಕ್ಕೆ ಜಂಬಿ ಮಣ್ಣು ಹಾಕಿದಳು, ಅವಳನ್ನೇ ಕೇಳಿಕೊಳ್ಳಿ ಅಂತ ಕೇರಿಗೆ ಹೇಳಿಕಳಿಸಿದ. ಕೇರಿ ಅದನ್ನು ನಂಬಿತು. ಊರಮ್ಮ ಎಂಬವಳು ನಮ್ಮ ಜೊತೆಯೇ ಬ್ಯಾರಲ್ ತೊಳೆದವಳು. ಅವಳು ಜಂಬವ್ವನ ಬಾಗಿಲ ಮುಂದೆ ನಿಂತು ಮಣ್ಣು ತೂರಿದಳು. ನಲ್ಲಿಯ ಹತ್ತಿರ ಜಂಬವ್ವ ಬಂದರೆ ಎಲ್ಲರೂ ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಒಂದು ಸಂಜೆ ಅವಳು ನನ್ನ ಬಾಗಿಲು ಬಡಿದಳು. ನಾನು ಒಳಗೇ ಇದ್ದೆ. ತೆಗೆಯಲಿಲ್ಲ.

ಮೂರು ವಾರದ ಮೇಲೆ ಲಾರಿ ಡ್ರೈವರ್ ರಾಯಣ್ಣ ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಕಾರ್ಖಾನೆಯ ಬ್ಯಾರಲ್ಲು ಈಗ ಎಲ್ಲಿಗೆ ಹೋಗುತ್ತವೆ ಅಂತ ಕೇಳಿದೆ. ಕಂಪ್ಲಿ ರಸ್ತೆಯಲ್ಲಿ ಇನ್ನೊಂದು ಶೆಡ್ಡು ಇದೆ, ಅಲ್ಲಿಗೆ ಅಂದ. ಅಲ್ಲಿ ಯಂತ್ರ ಇದೆಯಾ ಅಂತ ಕೇಳಿದೆ. ಅವನು ನಕ್ಕ.

ಅವತ್ತು ನಾನೇ ಜಂಬವ್ವನ ಮನೆಗೆ ಹೋದೆ. ಬಾಗಿಲು ತೆಗೆಯದ ವಿಷಯ ಅವಳು ಎತ್ತಲಿಲ್ಲ. ಕಂಪ್ಲಿಯ ಶೆಡ್ಡಿನ ಸುದ್ದಿ ಹೇಳಿದೆ.

"ಅಲ್ಲೂ ನಮ್ಮಂಥೋರೇ ಇರ್ತಾರ," ಅಂದಳು. "ನಾಳಿ ಕಾರ್ಖಾನಿ ಗೇಟಿಗೆ ಹೋಗ್ತೀನಿ. ಬರೋರು ಬರ್ರಿ."

ಹೋದದ್ದು ಮೂರು ಜನ. ಅವಳು, ನಾನು, ಕೈ ಮಡಚಿದ ಹುಲುಗಮ್ಮ. ಅದಿರಿನ ಲಾರಿಗಳು ನಮ್ಮ ಮೇಲೆ ಕೆಂಪು ಧೂಳು ಎರಚುತ್ತ ಹೋದವು. ಗೇಟಿನ ಕಾವಲುಗಾರ ಎರಡು ಸಲ ಎಬ್ಬಿಸಿದ. ಎರಡು ಸಲವೂ ಹತ್ತು ಹೆಜ್ಜೆ ಸರಿದು ಮತ್ತೆ ಕುಳಿತೆವು. ಭಿಕ್ಷೆಯವರೆಂದು ಒಬ್ಬ ಕಾರು ನಿಲ್ಲಿಸಿ ಬಿಸ್ಕತ್ತಿನ ಪ್ಯಾಕೆಟ್ಟು ಎಸೆದ. ಹುಲುಗಮ್ಮ ಅದನ್ನು ಎತ್ತಿ ಕಾವಲುಗಾರನಿಗೆ ಕೊಟ್ಟಳು.

ಎರಡನೇ ದಿನ ಮಧ್ಯಾಹ್ನ ಕಾವ್ಯ ಹೊರಗೆ ಬಂದಳು. ತನಗೂ ಮೇಲಿನವರಿದ್ದಾರೆ, ಈ ವರ್ಷ ಕಸ ಇಷ್ಟು ಕಡಿಮೆಯಾಗಲೇಬೇಕೆಂದು ಅವರು ಹೇಳಿದ್ದಾರೆ, ಶೆಡ್ಡು ಸರಿಯಿಲ್ಲವೆಂದು ತಾನು ಬರೆದಿದ್ದೇನೆ, ಅದಕ್ಕೇ ಬ್ಯಾರಲ್ಲು ನಿಲ್ಲಿಸಿದ್ದಾರೆ, ತನ್ನ ಕೈಲಿ ಇನ್ನೇನೂ ಇಲ್ಲ ಅಂದಳು. ಕಂಪ್ಲಿಯ ಶೆಡ್ಡಿನ ಮಾತು ನಾನು ಎತ್ತಿದೆ. ಅದು ಅವಳಿಗೆ ಗೊತ್ತಿತ್ತು. ಮುಖ ನೋಡಿದರೆ ತಿಳಿಯುತ್ತಿತ್ತು.

ಜಂಬವ್ವ ಎದ್ದು ನಿಂತಳು.

"ಮೇಡಂ, ನಿಮ್ಮ ಕಸ ಕಡಿಮಿ ಆಗಿಲ್ಲ. ನಿಮ್ಮ ಕಡಿಂದ ನಮ್ಮ ಕಡಿಗೆ ಬಂದೈತಿ. ಸ್ವಲ್ಪ ಹಳ್ಳಕ್ಕ ಹೋಗೇತಿ, ಸ್ವಲ್ಪ ಈ ಮುದುಕಿ ಕೈಯಾಗ ಐತಿ. ನಾವು ಕೆಲಸ ಬ್ಯಾಡ ಅನ್ನಾಕ ಬಂದಿಲ್ಲ. ಯಂತ್ರ ಐತಿ, ಹಚ್ರಿ. ನೀರಿಗೆ ತೊಟ್ಟಿ ಕಟ್ಟಿಸ್ರಿ. ಆಗ ಖರೇನ ಕಡಿಮಿ ಆಗ್ತೈತಿ. ನಿಮ್ಮ ಕಾಗದಾನೂ ಖರೇ ಆಗ್ತೈತಿ."

ಕಾವ್ಯ ಒಳಗೆ ಹೋದಳು.

ಕಂಪ್ಲಿಯ ಶೆಡ್ಡಿನ ಸುದ್ದಿ ಕೇರಿಗೂ ಮುಟ್ಟಿತ್ತು. ಮೂರನೇ ದಿನ ಬೆಳಿಗ್ಗೆ ಬಸ್ಸಿನಿಂದ ಶೆಡ್ಡಿನ ಉಳಿದ ಆರು ಹೆಂಗಸರೂ ಇಳಿದರು. ಮುಂದೆ ಊರಮ್ಮ ಇದ್ದಳು. ಕ್ಷಮೆ ಗಿಮೆ ಕೇಳಲಿಲ್ಲ. ಬುತ್ತಿ ಬಿಚ್ಚಿ ಮೊದಲ ರೊಟ್ಟಿಯನ್ನು ಜಂಬವ್ವನ ಮುಂದಿಟ್ಟಳು.

ಕಾರ್ಖಾನೆ ಬಗ್ಗಿತು. ಕರುಣೆಯಿಂದ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ತಪಾಸಣೆಯವನು ಮೀಟರಿನ ಫೋಟೋ ಇಟ್ಟುಕೊಂಡು, ಎರಡು ತಿಂಗಳ ನಂತರ ಮತ್ತೆ ನೋಡುತ್ತೇನೆ, ಅಲ್ಲಿಯವರೆಗೆ ನಿಮ್ಮ ನಲವತ್ತನ್ನು ಒಪ್ಪುವುದಿಲ್ಲ ಅಂತ ಬರೆದಿದ್ದನಂತೆ. ಒಪ್ಪದಿದ್ದರೆ ಪೈಪಿನ ವ್ಯಾಪಾರ ನಿಲ್ಲುತ್ತಿತ್ತು. ಗೇಟಿನಲ್ಲಿ ಒಂಬತ್ತು ಜನ ಕುಳಿತದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಹರಡಿದ್ದರು. ಆಗ ಕಾವ್ಯ ಒಂದು ಕಾಗದ ಮಾಡಿದಳು. ಯಂತ್ರದಲ್ಲೇ ತೊಳೆಯಬೇಕು. ಪ್ರತಿ ತಿಂಗಳು ಮೀಟರು ತೋರಿಸಬೇಕು. ನೀರಿಗೆ ತೊಟ್ಟಿ ಬೇಕು. ತೊಳೆದ ಬ್ಯಾರಲ್ಲು ಕಾರ್ಖಾನೆಗೇ ವಾಪಸ್ ಬರಬೇಕು, ಪೇಟೆಗೆ ಹೋಗಬಾರದು. ಈ ಷರತ್ತಿಗೆ ಶಂಭುಲಿಂಗ ಸಹಿ ಹಾಕಿದ. ತೊಟ್ಟಿ ಕಟ್ಟಿಸಿದ. ಎರಡು ವರ್ಷ ಆಗದಿದ್ದ ಕೆಲಸ ಇಪ್ಪತ್ತು ದಿನದಲ್ಲಿ ಆಯಿತು.

ಆಗದೆ ಉಳಿದದ್ದನ್ನೂ ಹೇಳುತ್ತೇನೆ. ಹಿಂದಿನ ಗುಂಡಿ ಹಾಗೇ ಇದೆ. ಅದು ಹಳೆಯ ವಿಷಯ ಅಂದರು. ಪೇಟೆಗೆ ಹೋದ ಸಾವಿರಾರು ಡ್ರಮ್ಮುಗಳಲ್ಲಿ ಜನ ಇನ್ನೂ ನೀರು ಕುಡಿಯುತ್ತಿದ್ದಾರೆ. ಅದನ್ನು ಯಾರೂ ಎಲ್ಲೂ ಬರೆದಿಲ್ಲ. ಹುಲುಗಮ್ಮನ ಕೈಗೆ ಯಾರೂ ಹೊಣೆಯಾಗಲಿಲ್ಲ. ಕಂಪ್ಲಿ ರಸ್ತೆಯ ಶೆಡ್ಡಿಗೆ ಈಗ ಬೇರೆ ಕಾರ್ಖಾನೆಯ ಬ್ಯಾರಲ್ಲು ಬರುತ್ತವಂತೆ.

ಶೆಡ್ಡು ಮತ್ತೆ ತೆರೆಯುವ ದಿನ ಬಂತು. ಶಂಭುಲಿಂಗ ಗೇಟಿನ ಮೇಲೆ ಕೆಲಸದವರ ಪಟ್ಟಿ ಅಂಟಿಸಿದ್ದ. ನಾನು ಓದಿದೆ. ಏಳು ಹೆಸರು. ಜಂಬವ್ವ ಇರಲಿಲ್ಲ. ಹುಲುಗಮ್ಮ ಇರಲಿಲ್ಲ.

ಒಬ್ಬಳು ತಂಟೆಯವಳು, ಇನ್ನೊಬ್ಬಳ ಕೈ ನಡೆಯುವುದಿಲ್ಲ, ತಾನು ಧರ್ಮಛತ್ರ ಇಟ್ಟಿಲ್ಲ ಅಂದ ಅವನು. ಉಳಿದವರು ಒಳಗೆ ಬನ್ನಿ ಅಂತಲೂ ಅನ್ನಲಿಲ್ಲ. ಕೈಯಿಂದ ಸನ್ನೆ ಮಾಡಿದ.

ಜಂಬವ್ವ ನಮಗೆ ಹೋಗಿ ಅಂದಳು. ಮನೆಯಲ್ಲಿ ಮಕ್ಕಳಿವೆ, ಹೋಗಿ ಅಂದಳು. ಖರೇವಾಗಿಯೇ ಅಂದಳು. ನಾನು ಗೇಟಿನ ಕಡೆ ಎರಡು ಹೆಜ್ಜೆ ಇಟ್ಟೆ. ಆ ಎರಡು ಹೆಜ್ಜೆ ಈಗಲೂ ನನ್ನನ್ನು ಚುಚ್ಚುತ್ತವೆ. ಆಮೇಲೆ ನನಗೆ ಆಸ್ಪತ್ರೆಯಲ್ಲಿ ನಾನು ಹೇಳಿದ ಸುಳ್ಳು ನೆನಪಾಯಿತು. ಅಲ್ಲೇ ಮಣ್ಣಿನಲ್ಲಿ ಕುಳಿತೆ. ಊರಮ್ಮ ಕುಳಿತಳು. ಎಲ್ಲರೂ ಕುಳಿತರು.

ಹತ್ತು ಗಂಟೆಗೆ ರಾಯಣ್ಣನ ಲಾರಿ ಬಂತು. ಎಂಬತ್ತು ಬ್ಯಾರಲ್. ಇಳಿಸುವವರಿಲ್ಲ. ಒಳಗೆ ಶಂಭುಲಿಂಗ ಯಂತ್ರ ಹಚ್ಚಿದ್ದ. ಅವತ್ತೇ ಕಾವ್ಯ ಮೀಟರು ನೋಡಲು ಬರುವವಳಿದ್ದಳು. ಖಾಲಿ ಯಂತ್ರ ಗಡಗಡ ಸದ್ದು ಮಾಡುತ್ತ ತಿರುಗುತ್ತಿತ್ತು. ಅವನು ಪಾಪಿನಾಯಕನಹಳ್ಳಿಗೆ ಫೋನು ಮಾಡಿದ. ಬೇರೆ ಯಾರ‍್ಯಾರಿಗೋ ಮಾಡಿದ. ಯಾರೂ ಬರಲಿಲ್ಲ. ಲಾರಿ ಎರಡು ತಾಸು ನಿಂತಿತು. ವಾಪಸ್ ಒಯ್ಯಬೇಕಾಗುತ್ತದೆ ಅಂದ ರಾಯಣ್ಣ.

ಹನ್ನೆರಡಕ್ಕೆ ಶಂಭುಲಿಂಗ ಹೊರಗೆ ಬಂದ. ಪಟ್ಟಿ ಹರಿದು ಜೇಬಿಗೆ ಹಾಕಿಕೊಂಡ.

"ಏಳ್ರಲೇ. ಎಲ್ಲಾರೂ ನಡೀರಿ ಒಳಗ. ಆ ಮುದುಕೀನೂ ಬರ್ಲಿ, ಮುಚ್ಚಳ ಆರಸ್ಲಿ."

ನಾನು ಏಳಲು ಹೋದೆ. ಜಂಬವ್ವ ನನ್ನ ಸೆರಗು ಹಿಡಿದು ಕೂರಿಸಿದಳು.

"ಸಾವ್ಕಾರ್ರ, ಆಕಿಗೆ ಹೆಸರೈತಿ," ಅಂದಳು. "ನಿಮ್ಮ ಅವ್ವಗಿಂತ ದೊಡ್ಡಾಕಿ. ಹುಲುಗಮ್ಮ, ಬರ್ರಿ ಅನ್ರಿ. ಬರ್ತೀವಿ."

ಅವನ ಮುಖ ಕಪ್ಪಿಟ್ಟಿತು. ರಾಯಣ್ಣ ಲಾರಿಯ ಕಿಟಕಿಯಿಂದ ನೋಡುತ್ತಿದ್ದ. ಇಪ್ಪತ್ತೈದರ ಹುಡುಗಿಗೆ, ಎಲ್ಲಿಂದಲೋ ಬಂದ ತಪಾಸಣೆಯವನಿಗೆ ಬರ್ರಿ ಅಂದಿದ್ದ ಬಾಯಿ ಅದು. ಈಗ ತೆರೆಯಲಿಲ್ಲ. ರಸ್ತೆ ನೋಡಿದ, ಫೋನು ನೋಡಿದ. ನಾವು ಕುಳಿತೇ ಇದ್ದೆವು. ಹುಲುಗಮ್ಮ ಮಡಚಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು.

ಕೊನೆಗೆ ಅವನ ತುಟಿ ಅಲುಗಿತು. ನೆಲ ನೋಡುತ್ತ ಆ ಎರಡು ಮಾತು ಅಂದ. ಮುಂದೆ ಕುಳಿತ ನಮಗೆ ಕೇಳಿಸಿತು. ಹುಲುಗಮ್ಮನಿಗೆ ಯಂತ್ರದ ಸದ್ದಿನಲ್ಲಿ ಕೇಳಿಸಲಿಲ್ಲ.

"ಏನಂದ?" ಅಂತ ಅವಳು ನಮ್ಮನ್ನು ಕೇಳಿದಳು.

ಯಾರೂ ಹೇಳಲಿಲ್ಲ.

"ಇನ್ನೊಮ್ಮೆ ಅನ್ರಿ," ಅಂದಳು ಜಂಬವ್ವ. "ಆಕಿಗೆ ಕೇಳಿಲ್ಲ."